35 ಸಾವಿರದೊಳಗೆ ಗ್ರಾಫಿಕ್ಸ್ ಕಾರ್ಡ್: 5060ನಾ, 9060 ಎಕ್ಸ್‌ಟಿನಾ, ಬಿ580ನಾ? ತಲೆ ಕೆಟ್ಟೋಗಿದೆ

ಬೆಣ್ಣೆದೋಸೆ_ಎಫ್‌ಪಿಎಸ್ (ದಾವಣಗೆರೆ)

ಎಲ್ರಿಗೂ ನಮಸ್ಕಾರ. ಒಂದು ವರ್ಷದಿಂದ ಸುಮ್ನೆ ಓದ್ಕೊಂಡು ಹೋಗ್ತಿದ್ದೆ, ಬಾಯಿ ಬಿಡ್ತಿರೋದು ಇದೇ ಫಸ್ಟು.

ನನ್ ಸಿಸ್ಟಮ್ 2019ರ ಕೊನೇಲಿ ಕಟ್ಟಿಸಿದ್ದು, ಪಿಯುಸಿ ಪಾಸಾದ್ನಲ್ಲ ಅಂತ ಅಪ್ಪ ಕೊಡಿಸಿದ್ದು. ರೈಜನ್ 5 3600 ಪ್ರೊಸೆಸರು, ಬಿ450 ಮದರ್‌ಬೋರ್ಡು, 16 ಜಿಬಿ ರ್ಯಾಮು, ಗ್ರಾಫಿಕ್ಸ್ ಕಾರ್ಡು ಜಿಟಿಎಕ್ಸ್ 1650 4 ಜಿಬಿ. ಪವರ್ ಸಪ್ಲೈ 450 ವ್ಯಾಟ್, ಕ್ಯಾಬಿನೆಟ್ ಜೊತೆಗೇ ಬಂದಿತ್ತು. ಮಾನಿಟರ್ 24 ಇಂಚು 1080ಪಿ 144 ಹರ್ಟ್ಜ್, ಅದನ್ನ ಹೋದ ವರ್ಷ ತಗೊಂಡೆ, ಮನೆಗೆ ತಂದ್ಮೇಲೆ ಗೊತ್ತಾಯ್ತು ಸೆಕೆಂಡಿಗೆ 144 ಫ್ರೇಮ್ (ಚಿತ್ರ) ಕೊಡೋಕೆ ಹೊಟ್ಟೇಲಿ ಕಾರ್ಡೇ ಇಲ್ಲ ಅಂತ. ಕುದುರೆ ಇಲ್ದೆ ಜೀನು ತಂದ ಕಥೆ.

ಆಡೋದು ಜಾಸ್ತಿ ವ್ಯಾಲೊರಂಟ್, ಸಿಎಸ್2, ಜಿಟಿಎ 5. ಸೈಬರ್‌ಪಂಕ್ ಲೋ ಸೆಟ್ಟಿಂಗಲ್ಲಿ ಮುಸುಕು ಮುಸುಕಾಗಿ ಮುಗಿಸಿದೀನಿ, ಇನ್ನೊಂದ್ಸಲ ಚೆನ್ನಾಗಿ ನೋಡ್ಬೇಕು. ಡೂಮ್ ದಿ ಡಾರ್ಕ್ ಏಜಸ್ ಆಡ್ಬೇಕು ಅಂತ ಬಹಳ ಆಸೆ, ಆದ್ರೆ ಅದಕ್ಕೆ ರೇ ಟ್ರೇಸಿಂಗ್ (ಬೆಳಕು, ನೆರಳು ಲೆಕ್ಕ ಹಾಕಿ ತೋರಿಸೋದು) ಇರೋ ಕಾರ್ಡೇ ಬೇಕು, 1650ಲಿ ಆ ಮಾತೇ ಇಲ್ಲ. ತಂಗಿ ಆರ್ಕಿಟೆಕ್ಚರ್ ಓದ್ತಿದಾಳೆ, ಅವಳ ಸ್ಕೆಚಪ್ಪು, ಸ್ವಲ್ಪ ಬ್ಲೆಂಡರು, ಅಂದ್ರೆ 3ಡಿ ಡ್ರಾಯಿಂಗ್ ಸಾಫ್ಟ್‌ವೇರು, ಎಲ್ಲಾ ಇದೇ ಮಿಷಿನ್ನಲ್ಲೇ.

ಬಜೆಟ್ 35 ಸಾವಿರ, ಅದರ ಮೇಲೆ ಒಂದು ರೂಪಾಯಿ ಕೇಳಿದ್ರೂ ಮನೇಲಿ ಮಹಾಭಾರತ. ನನಗೆ ಹೇಳಿರೋ ರೇಟು ಹಿಂಗಿದೆ, ಎಲ್ಲಾ ಜಿಎಸ್‌ಟಿ ಸೇರಿ: ಎನ್ವಿಡಿಯಾ ಆರ್‌ಟಿಎಕ್ಸ್ 5060 8 ಜಿಬಿ 28,500, ಎಎಂಡಿ ಆರ್‌ಎಕ್ಸ್ 9060 ಎಕ್ಸ್‌ಟಿ 8 ಜಿಬಿ 30 ಸಾವಿರ, ಅದೇ 16 ಜಿಬಿ ಆದ್ರೆ 36,500, ಇಂಟೆಲ್ ಆರ್ಕ್ ಬಿ580 12 ಜಿಬಿ 25 ಸಾವಿರ. ಒಬ್ಬ ಫ್ರೆಂಡು ಸೆಕೆಂಡ್ ಹ್ಯಾಂಡ್ ಎನ್ವಿಡಿಯಾ 3060 12 ಜಿಬಿ 16 ಸಾವಿರಕ್ಕೆ ಕೊಡಿಸ್ತೀನಿ ಅಂತಾನೆ.

ಯೂಟ್ಯೂಬ್ ನೋಡಿ ನೋಡಿ ಇನ್ನೂ ಗೊಂದಲ ಆಯ್ತು, ಒಬ್ಬ ಕಾರ್ಡಿನ ಮೆಮೊರಿ 8 ಜಿಬಿ ಅನ್ನೋ ಕಾಲ ಸತ್ತೋಯ್ತು ಅಂತಾನೆ, ಇನ್ನೊಬ್ಬ 1080ಪಿಗೆ ಬೇಕಾದಷ್ಟು ಅಂತಾನೆ, ಎಲ್ರ ಹತ್ರನೂ ಹೊಸ ಪ್ರೊಸೆಸರು ಹೊಸ ಬೋರ್ಡು ಇದೆ, ನನ್ನಂಗೆ ಹಳೇ ಡಬ್ಬಿ ಇಟ್ಕೊಂಡೋರ ಕಥೆ ಯಾರೂ ಹೇಳಲ್ಲ. ಯಾರಾದ್ರೂ ಅನುಭವ ಇರೋರು ಹೇಳ್ರಪ್ಪ.

---

ಎಸ್‌ಪಿರೋಡ್_ಸುತ್ತಾಟ (ಬೆಂಗಳೂರು)

ಗುರು ಇದರಲ್ಲಿ ಯೋಚ್ನೆ ಮಾಡೋಕೇನಿದೆ, 5060 ಎತ್ಕೊಂಡು ಬಾ. ಡಿಎಲ್‌ಎಸ್‌ಎಸ್ (ಸಣ್ಣ ಚಿತ್ರನ ಎಐಲಿ ದೊಡ್ಡದು ಮಾಡಿ ಫ್ರೇಮ್ ಹೆಚ್ಚಿಸೋ ಎನ್ವಿಡಿಯಾ ತಂತ್ರ) ಇಲ್ಲದ ದೊಡ್ಡ ಗೇಮೇ ಈಗ ಅಪರೂಪ. 145 ವ್ಯಾಟ್ ಕಾರ್ಡು, ಒಂದೇ 8 ಪಿನ್ನು, ತಣ್ಣಗಿರತ್ತೆ. ಬ್ಲೆಂಡರ್ ಬೇರೆ ಇದೆ ಅಂತೀಯ, ಸೈಕಲ್ಸಲ್ಲಿ (ಅದರ ರೆಂಡರ್ ಎಂಜಿನ್ನು) ಆಪ್ಟಿಕ್ಸ್ (ಎನ್ವಿಡಿಯಾ ಕಾರ್ಡಿನ ವೇಗದ ಮೋಡು) ಆನ್ ಮಾಡಿ ರೆಂಡರ್ ಹೊಡೆದ್ರೆ ಅದೇ ರೇಟಿನ ಎಎಂಡಿ ಕಾರ್ಡು ಹತ್ರ ಬರಲ್ಲ. ಕಾಲೇಜ್ ಪ್ರಾಜೆಕ್ಟಿಗೆ ಯಾವುದೋ ಪೈಥಾನ್ ಲೈಬ್ರರಿ ಬೇಕಂದ್ರೂ ಬಹಳ ಕಡೆ 'ಕೂಡಾ' (CUDA, ಎನ್ವಿಡಿಯಾ ಕಾರ್ಡಿಗೆ ಅಂತ ಇರೋ ಸಾಫ್ಟ್‌ವೇರ್ ವ್ಯವಸ್ಥೆ) ಅಂತ್ಲೇ ಬರೆದಿರ್ತಾರೆ.

8 ಜಿಬಿ ಸಾಲಲ್ಲ ಅನ್ನೋರು ಎಲ್ಲಾ ಸ್ಲೈಡರ್ ಬಲಗಡೆಗೆ ಎಳೆದು ಆಮೇಲೆ ಅಳೋರು. ಟೆಕ್ಸ್‌ಚರ್ ಅಲ್ಟ್ರಾದಿಂದ ಹೈಗೆ ಇಳಿಸು, 1080ಪಿ ಸ್ಕ್ರೀನಲ್ಲಿ ವ್ಯತ್ಯಾಸ ಹುಡುಕೋಕೆ ಭೂತಗನ್ನಡಿ ಬೇಕು. ಉಳಿದ 6 ಸಾವಿರದಲ್ಲಿ ಒಂದು ಒಳ್ಳೆ ಎನ್‌ವಿಎಂಇ ಎಸ್‌ಎಸ್‌ಡಿ (ವೇಗದ ಡಿಸ್ಕು) ಹಾಕ್ಕೋ.

---

ಸೋಲ್ಡರ್_ಸ್ವಾಮಿ (ಶಿವಮೊಗ್ಗ)

ಎಸ್‌ಪಿ ರೋಡ್ ಅವರು ಹೇಳಿದ್ದು ತಪ್ಪಲ್ಲ, ಆದ್ರೆ ಅದು ಹೊಸ ಬೋರ್ಡಿಗೆ ಹೇಳೋ ಮಾತು. ಪ್ರಶ್ನೆ ಕೇಳಿದವರು ಬಿ450 ಅಂತ ಮೊದಲ್ನೇ ಪೋಸ್ಟಲ್ಲೇ ಬರೆದಿದಾರೆ, ಯಾರೂ ಅದನ್ನ ನೋಡೋದೇ ಇಲ್ಲ.

ಬಿ450 ಅಂದ್ರೆ ಪಿಸಿಐಇ 3.0, ಕಾರ್ಡಿಗೂ ಬೋರ್ಡಿಗೂ ಮಧ್ಯದ ಡೇಟಾ ದಾರಿಯ ಹಳೇ ಆವೃತ್ತಿ. ನಿಮ್ಮ 3600 ಪ್ರೊಸೆಸರಿಗೆ 4.0 ಬರತ್ತೆ, ಆದ್ರೆ ಬೋರ್ಡು 3.0ಕ್ಕೇ ಕಟ್ಟಿಹಾಕತ್ತೆ. 5060 ಕಾರ್ಡು ಪಿಸಿಐಇ 5.0ದ್ದೇ, ಆದ್ರೆ ಅದರಲ್ಲಿರೋದು ಬರೀ ಎಂಟು ಲೇನು. ಹೊಸ ಬೋರ್ಡಲ್ಲಿ ಎಂಟು ಲೇನಿಗೇ ಸೆಕೆಂಡಿಗೆ ಸುಮಾರು 32 ಜಿಬಿ ಓಡಾಡತ್ತೆ, ಯಾರಿಗೂ ಏನೂ ಗೊತ್ತಾಗಲ್ಲ. ನಿಮ್ಮ ಬೋರ್ಡಲ್ಲಿ ಅದೇ ಎಂಟು ಲೇನು 3.0ಕ್ಕೆ ಇಳಿದು ಬರೀ 8 ಜಿಬಿ. 9060 ಎಕ್ಸ್‌ಟಿಲಿ ಪೂರ್ತಿ ಹದಿನಾರು ಲೇನಿದೆ, ಹಂಗಾಗಿ ನಿಮ್ಮ ಹಳೇ ಬೋರ್ಡಲ್ಲೂ 16 ಜಿಬಿ ಸಿಗತ್ತೆ. ಬಿ580ನೂ ಎಂಟು ಲೇನೇ. ಹಳೇ 3060ಗೆ ಹದಿನಾರು.

ಇದರಿಂದ ಏನಾಗತ್ತೆ ಅಂತ ಕೇಳ್ಬಹುದು. ನಿಮ್ಮ ಚೌಕಿಪೇಟೇಲಿ ಒಂದು ದಿನಸಿ ಅಂಗಡಿ ಅಂದ್ಕೊಳಿ. ಗಲ್ಲಾಪೆಟ್ಟಿಗೆ ಹಿಂದಿನ ಶೆಲ್ಫು ಅಂದ್ರೆ ಕಾರ್ಡಿನ ಮೆಮೊರಿ, ಕೈ ಚಾಚಿದ್ರೆ ಸಾಮಾನು. ಗೋಡೌನ್ ಅಂದ್ರೆ ನಿಮ್ಮ 16 ಜಿಬಿ ರ್ಯಾಮು. ಮಧ್ಯದ ಗಲ್ಲಿನೇ ಪಿಸಿಐಇ. ಶೆಲ್ಫಲ್ಲೇ ಎಲ್ಲಾ ಹಿಡಿಸಿದ್ರೆ ಗಲ್ಲಿ ಎಷ್ಟು ಸಣ್ಣದಾದ್ರೂ ಗಿರಾಕಿಗೆ ಗೊತ್ತಾಗಲ್ಲ. ಶೆಲ್ಫ್ ತುಂಬಿ ಹುಡುಗ ಪ್ರತಿ ಸಲ ಗೋಡೌನಿಗೆ ಓಡ್ಬೇಕಾಯ್ತು ಅನ್ನಿ, ಆಗ ಗಲ್ಲಿ ಅಗಲ ಎಷ್ಟು ಅನ್ನೋದೇ ವ್ಯಾಪಾರ. ಅಂದ್ರೆ 8 ಜಿಬಿ ಕಾರ್ಡು ಹೊಸ ಬೋರ್ಡಲ್ಲಿ ತುಂಬಿದಾಗ ಸ್ವಲ್ಪ ಮುಗ್ಗರಿಸತ್ತೆ, ನಿಮ್ಮ ಬೋರ್ಡಲ್ಲಿ ಮಕಾಡೆ ಬೀಳತ್ತೆ. ಆವರೇಜ್ ಎಫ್‌ಪಿಎಸ್ಸಲ್ಲಿ (ಸೆಕೆಂಡಿಗೆ ಸರಾಸರಿ ಎಷ್ಟು ಫ್ರೇಮ್ ಅನ್ನೋ ಲೆಕ್ಕ) ಇದು ಕಾಣಲ್ಲ, ತಿರುವಲ್ಲಿ ಗಾಡಿ ತಿರುಗಿಸಿದಾಗ ಅರ್ಧ ಸೆಕೆಂಡ್ ಫ್ರೀಜ್ ಆಗತ್ತಲ್ಲ, ಅಲ್ಲಿ ಕಾಣತ್ತೆ.

ವ್ಯಾಲೊರಂಟ್, ಸಿಎಸ್2ಗೆ ಇದ್ಯಾವುದೂ ಸಂಬಂಧ ಇಲ್ಲ, ಅಲ್ಲಿ ನಿಮ್ಮ 3600 ಮೊದಲು ಸುಸ್ತಾಗೋದು. ಸೈಬರ್‌ಪಂಕ್, ಡೂಮ್ ತರದ್ದಕ್ಕೆ ಸಂಬಂಧ ಇದೆ.

ಇನ್ನೊಂದು. ಆ ಕ್ಯಾಬಿನೆಟ್ ಜೊತೆ ಬಂದ 450 ವ್ಯಾಟ್ ಅಂದ್ರಲ್ಲ, ಅದನ್ನ ಓದಿದಾಗಿಂದ ನನಗೆ ಕೈ ಕಡೀತಿದೆ. 1650 ಬರೀ 75 ವ್ಯಾಟಿನ ಕಾರ್ಡು, ಬೋರ್ಡಿಂದಾನೇ ಕುಡಿಯತ್ತೆ, ಬಹುತೇಕ ಮಾಡೆಲ್ಲಿಗೆ ಬೇರೆ ಪವರ್ ಕೇಬಲ್ಲೇ ಬೇಡ. ಅದಕ್ಕೇ ಇಷ್ಟು ವರ್ಷ ನಡೀತು. ಈಗ್ಲೇ ಸೈಡ್ ಪ್ಯಾನೆಲ್ ಬಿಚ್ಚಿ ಸಪ್ಲೈ ಮೈಮೇಲಿನ ಸ್ಟಿಕರ್ ಓದಿ, +12 ವೋಲ್ಟ್ ಅಂತ ಬರೆದಿರೋ ಕೆಳಗೆ ಎಷ್ಟು ಆಂಪಿಯರ್ ಇದೆ ನೋಡಿ ಬರೀರಿ, ಆಮೇಲೆ ಕಾರ್ಡಿನ ಮಾತು.

---

ಹುಬ್ಬಳ್ಳಿ_ಖಡಕ್ (ಹುಬ್ಬಳ್ಳಿ)

ಸ್ವಾಮಿಯಾರು ಹೇಳಿದ್ದ ಖರೆ ಐತಿ. ನಾ ಬಿ580 ಬಗ್ಗೆ ಎರಡ ಮಾತ ಹೇಳ್ತೀನಿ, ಯಾಕಂದ್ರ 25 ಸಾವಿರಕ್ಕ 12 ಜಿಬಿ ಅಂದಕೂಡ್ಲೆ ಎಲ್ಲಾರ ಬಾಯಾಗ ನೀರ ಬರ್ತಾವ.

ಕಾರ್ಡ ಕೆಟ್ಟದ್ದಲ್ರೀ. 2024ರ ಡಿಸೆಂಬರ್‌ದಾಗ ಬಂತು, 249 ಡಾಲರಿಗೆ 12 ಜಿಬಿ, ಮೆಮೊರಿಗೆ 192 ಬಿಟ್ಟಿನ ಬಸ್ಸು (ಡೇಟಾ ದಾರಿ), ಆ ರೇಟಿಗೆ ಯಾರೂ ಕೊಟ್ಟಿರಲಿಲ್ಲ. ಆದ್ರ ಬಂದ ಒಂದ ತಿಂಗಳದಾಗ ಒಂದ ಹುಳುಕ ಹೊರಗ ಬಿತ್ತು. ಅದರ ಡ್ರೈವರ್ ಪ್ರೊಸೆಸರ್ ಮ್ಯಾಲ ಭಾಳ ಕೆಲಸಾ ಹೇರ್ತದ. ಎಲ್ಲಾರೂ ಟೆಸ್ಟ್ ಮಾಡಿದ್ದ ತುಟ್ಟಿ ಪ್ರೊಸೆಸರದಾಗ, ಹಂಗಾಗಿ ಯಾರಿಗೂ ತಿಳೀಲಿಲ್ಲ. ರೈಜನ್ 2600, 3600 ಇಟ್ಟ ನೋಡಿದ ಮ್ಯಾಲ ಕೆಲವು ಗೇಮಿನ್ಯಾಗ ಆ ಕಾರ್ಡ ಎನ್ವಿಡಿಯಾದ ಹಳೇ 4060ಗಿಂತ ಕೆಳಗ ಇಳೀತು. ತುಟ್ಟಿ ಪ್ರೊಸೆಸರಿನ್ಯಾಗ ಅದ 4060ನ ಹಿಂದ ಹಾಕಿತ್ತ ಮತ್ತ! ಆಮ್ಯಾಲ ಡ್ರೈವರಿನ್ಯಾಗ ಸುಧಾರಸ್ಯಾರ, ಕೆಲವು ಗೇಮ್ ಛಲೋ ಆಗ್ಯಾವ, ಆದ್ರೂ 3600 ಇಟಗೊಂಡಾವ ಕಣ್ಣ ಮುಚ್ಚಿ ತಗೊಳ್ಳೋ ಕಾರ್ಡಲ್ಲ ಅದು. ಸೋವಿ ಪಿಸಿಗೆ ಅಂತ ಮಾಡಿದ ಕಾರ್ಡಿಗೆ ತುಟ್ಟಿ ಪ್ರೊಸೆಸರ್ ಬೇಕಂದ್ರ ಏನ ಹೇಳೂದ್ರೀ.

ಮ್ಯಾಲಿಂದ ಅದಕ್ಕ ರೀಸೈಜಬಲ್ ಬಾರ್ (ಪ್ರೊಸೆಸರಿಗೆ ಕಾರ್ಡಿನ ಪೂರ್ತಿ ಮೆಮೊರಿ ಒಮ್ಮೆಲೆ ಸಿಗೂ ಸೆಟ್ಟಿಂಗ್) ಆನ್ ಇರಲೇಬೇಕು. ನಿಮ್ಮ ಬೋರ್ಡದ ಬಯಾಸ್ (ಬೋರ್ಡಿನ ಒಳಗಿನ ಮೂಲ ಸಾಫ್ಟ್‌ವೇರ್) 2019ರದ್ದ ಇದ್ರ ಆ ಆಪ್ಷನ್ನ ಕಾಣಂಗಿಲ್ಲ.

ನಾ ಆಗಿದ್ರ 16 ಸಾವಿರದ 3060 12 ಜಿಬಿ ತಗೊಂಡು ಉಳಿದ ರೊಕ್ಕದಾಗ ಒಂದ ರೈಜನ್ 5600 ಹಾಕ್ತಿದ್ದೆ. ಬೋರ್ಡ ಬದಲಿ ಮಾಡೂದ ಬ್ಯಾಡ, ಬಯಾಸ್ ಅಪ್ಡೇಟ್ ಮಾಡಿ ಕೂಡಿಸಿದ್ರ ಮುಗೀತು. ವ್ಯಾಲೊರಂಟ್, ಸಿಎಸ್2 ಆಡಾವಂಗ ಕಾರ್ಡಕ್ಕಿಂತ ಅದ ಹೆಚ್ಚ ಉಪಯೋಗ. ಅಂಗಡಿಯಾಂವ 5500 ಕೊಡ್ತೀನಿ, ಎಲ್ಲಾ ಒಂದ ಅಂದ್ರ ಎದ್ದ ಬರ್ರಿ. 5500ಕ್ಕ 16 ಎಂಬಿ ಎಲ್3 ಕ್ಯಾಶು (ಪ್ರೊಸೆಸರ್ ಒಳಗಿನ ಸಣ್ಣ ವೇಗದ ಮೆಮೊರಿ), 5600ಕ್ಕ 32. ಗೇಮಿಗೆ ಅದ ಕ್ಯಾಶ್ ಮುಖ್ಯ.

---

ಬೆಣ್ಣೆದೋಸೆ_ಎಫ್‌ಪಿಎಸ್

ಸ್ವಾಮಿ ಅಣ್ಣ, ಬಿಚ್ಚಿ ನೋಡಿದೆ. ಧೂಳು ಹೆಂಗಿತ್ತು ಅಂದ್ರೆ ಸಪ್ಲೈ ಫ್ಯಾನಲ್ಲಿ ಹತ್ತಿ ಬೆಳೆದಿತ್ತು. ಸ್ಟಿಕರ್ ಮೇಲೆ ದಪ್ಪ ಅಕ್ಷರದಲ್ಲಿ 450 ಅಂತಿದೆ, ಕೆಳಗೆ ಇರುವೆ ಸೈಜಲ್ಲಿ +12ವಿ ಕೆಳಗೆ 18ಎ. ಬೇರೆ ಏನೂ ಇಲ್ಲ. ಕೇಬಲ್ಲು ಅಂತ ನೋಡಿದ್ರೆ 6 ಪಿನ್ನಿಂದು ಒಂದೇ ಒಂದು, 8 ಪಿನ್ ಇಲ್ಲ. ಅಂಗಡಿಯವರು ಮೋಲೆಕ್ಸಿಂದ (ಹಳೇ ಡಿಸ್ಕಿನ ಪವರ್ ಪಿನ್ನು) 8 ಪಿನ್ನಿಗೆ ಕನ್ವರ್ಟರ್ ಸಿಗತ್ತೆ, 150 ರೂಪಾಯಿ ಅಷ್ಟೇ ಅಂದ್ರು.

---

ಸೋಲ್ಡರ್_ಸ್ವಾಮಿ

12ನ್ನ 18ರಿಂದ ಗುಣಿಸಿ. 216. ನಿಮ್ಮ 450 ವ್ಯಾಟಿನ ಸಪ್ಲೈ ಅಂದ್ರೆ ಅದು. ಪ್ರೊಸೆಸರು, ಕಾರ್ಡು ಎರಡೂ ತಿನ್ನೋದು 12 ವೋಲ್ಟ್ ಲೈನಿಂದ. ಉಳಿದಿದ್ದೆಲ್ಲಾ 5 ವೋಲ್ಟು 3.3 ವೋಲ್ಟು ಕೂಡಿಸಿ ಬರೆದ ಲೆಕ್ಕ, ಅದೂ ಸ್ಟಿಕರ್ ಅಚ್ಚು ಹಾಕಿದವನಿಗೇ ಗೊತ್ತು.

3600 ಫುಲ್ ಲೋಡಲ್ಲಿ 88 ವ್ಯಾಟ್ ತನಕ ಎಳೆಯತ್ತೆ, ಕಾರ್ಡು 150-160, ಬೋರ್ಡು ಫ್ಯಾನು ಡಿಸ್ಕು ಸೇರಿಸಿ ಇನ್ನೊಂದು 40-50. ಸುಮಾರು 300. ಜೊತೆಗೆ ಕಾರ್ಡುಗಳು ಒಂದೊಂದು ಕ್ಷಣ ಬರೆದಿದ್ದಕ್ಕಿಂತ ಜಾಸ್ತಿ ಎಳೀತವೆ. 216ರ ಮೇಲೆ 300 ಹೇರಿದ್ರೆ ಒಳ್ಳೇ ಸಪ್ಲೈ ಆದ್ರೆ ಆಫ್ ಆಗತ್ತೆ, ಇಂಥದ್ದಾದ್ರೆ ಹೋಗ್ತಾ ಜೊತೆಗೆ ಒಬ್ಬರನ್ನ ಕರ್ಕೊಂಡು ಹೋಗತ್ತೆ. ಹೋದ ತಿಂಗಳು ನನ್ನ ಟೇಬಲ್ಲಿಗೆ ಒಂದು ಬಂದಿತ್ತು, ಬ್ರ್ಯಾಂಡ್ ಹೆಸರು ಬೇಡ, ಮೋಲೆಕ್ಸ್ ಕನ್ವರ್ಟರ್ ಪ್ಲಾಸ್ಟಿಕ್ಕು ಕರಗಿ ಕಾರ್ಡಿನ ಸಾಕೆಟ್ಟಿಗೆ ಬೆಲ್ಲದ ಪಾಕದ ತರ ಅಂಟ್ಕೊಂಡಿತ್ತು. ಸಾಕೆಟ್ ಬದಲಾಯಿಸಿ ಕೊಟ್ಟೆ, ಕಾರ್ಡು ಬದುಕ್ತು, ಹುಡುಗನ ಅದೃಷ್ಟ.

ಆ 150 ರೂಪಾಯಿ ಕನ್ವರ್ಟರ್ ಬೇಡ್ವೇ ಬೇಡ. 550 ವ್ಯಾಟು, 80 ಪ್ಲಸ್ ಬ್ರಾಂಜು (ಕರೆಂಟ್ ಕಮ್ಮಿ ಪೋಲು ಮಾಡೋದಕ್ಕೆ ಕೊಡೋ ದರ್ಜೆ), ಐದು ವರ್ಷ ವಾರಂಟಿ ಇರೋದು 4-5 ಸಾವಿರಕ್ಕೆ ಸಿಗತ್ತೆ. ಅದನ್ನ ಬಜೆಟ್ಟಿಂದ ಮೊದಲೇ ಕಳೆದುಬಿಡಿ.

---

ಎಸ್‌ಪಿರೋಡ್_ಸುತ್ತಾಟ

ಸರಿ, ಬಿ450 ಅಂತ ಬರೆದಿದ್ದನ್ನ ನಾನು ನೋಡಿರ್ಲಿಲ್ಲ, ತಪ್ಪು ಒಪ್ಕೋತೀನಿ. ಪಿಸಿಐಇ 3.0ಲಿ 8 ಜಿಬಿ ಎಂಟು ಲೇನು ಬೇಡ. ಆದ್ರೆ ಬ್ಲೆಂಡರಿಗೆ ಎನ್ವಿಡಿಯಾ ಅನ್ನೋ ಮಾತಿಂದ ಹಿಂದೆ ಸರಿಯಲ್ಲ.

ಹುಬ್ಬಳ್ಳಿ ಅಣ್ಣ ಹೇಳಿದ ಸೆಕೆಂಡ್ ಹ್ಯಾಂಡ್ 3060 ಬಗ್ಗೆ ಹುಷಾರು. 2021ರ ಫೆಬ್ರವರಿಲಿ ಬಂದ ಕಾರ್ಡದು. ಆಗ ಮೈನಿಂಗ್ (ಕಾರ್ಡ್ ಓಡಿಸಿ ಕ್ರಿಪ್ಟೋ ನಾಣ್ಯ ಗಳಿಸೋದು) ಹುಚ್ಚು, 2022ರ ಸೆಪ್ಟೆಂಬರಲ್ಲಿ ಇಥೀರಿಯಂ ಮೈನಿಂಗ್ ನಿಲ್ಲೋ ತನಕ ಹಗಲು ರಾತ್ರಿ ಉರಿದ ಕಾರ್ಡುಗಳೆಲ್ಲಾ ಈಗ "ಮನೇಲಿ ಮಗ ಅಪರೂಪಕ್ಕೆ ಆಡ್ತಿದ್ದ" ಅಂತ ಮಾರಾಟಕ್ಕೆ ಬರ್ತವೆ. ಮೈನಿಂಗ್ ಮಾಡಿದ್ದೇ ಪಾಪ ಅಂತಲ್ಲ, ಒಂದೇ ಬಿಸೀಲಿ ಓಡೋ ಕಾರ್ಡಿನ ಚಿಪ್ಪಿಗೆ ಅಂಥಾ ಪೆಟ್ಟೇನೂ ಬೀಳಲ್ಲ, ಫ್ಯಾನು, ಥರ್ಮಲ್ ಪ್ಯಾಡು (ಬಿಸಿ ಎಳೆಯೋ ಮೆತ್ತೆ) ಸತ್ತಿರತ್ತೆ.

ನಾನು ಎಸ್‌ಪಿ ರೋಡಲ್ಲಿ ಹಳೇದು ನೋಡೋವಾಗ ಮಾಡೋದು ಇಷ್ಟೇ. ಮೊದಲು ಕಾರ್ಡ್ ಕೈಗೆ ತಗೊಂಡು ಹಿಂಬದಿ ಸ್ಕ್ರೂ ತಲೆ ನೋಡ್ತೀನಿ, ಮೊಳೆ ಮೇಲಿನ ಬಣ್ಣ ಕಿತ್ತಿದ್ರೆ ಯಾರೋ ಬಿಚ್ಚಿದಾರೆ. ಆಮೇಲೆ ಓರೆ ಹಿಡಿದು ಫಿನ್ ಸಂದೀಲಿ ಎಣ್ಣೆ ಜಿಡ್ಡು ಇದೆಯಾ ನೋಡೋದು, ಅದು ಥರ್ಮಲ್ ಪ್ಯಾಡ್ ಬೆವರಿದ್ದು. ಆಮೇಲೆ ಅಂಗಡಿಯವನ ಸಿಸ್ಟಮ್ಮಲ್ಲೇ ಹಾಕಿಸಿ ಅರ್ಧ ಗಂಟೆ ಲೋಡು, ಹಾಟ್‌ಸ್ಪಾಟ್ (ಚಿಪ್ಪಿನ ಅತಿ ಬಿಸಿ ಜಾಗ) ಟೆಂಪರೇಚರ್ರೂ ಸಾಮಾನ್ಯ ಟೆಂಪರೇಚರ್ರೂ ಮಧ್ಯ 25-30 ಡಿಗ್ರಿಗಿಂತ ಜಾಸ್ತಿ ಗ್ಯಾಪ್ ಬಂದ್ರೆ ಚಿಪ್ಪಿನ ಮೇಲಿನ ಥರ್ಮಲ್ ಪೇಸ್ಟ್ ಹೋಗಿದೆ ಅಂತ ಲೆಕ್ಕ. "ಕರೆಂಟ್ ಇಲ್ಲ, ಮನೇಲಿ ನೋಡ್ಕೊಳಿ" ಅಂದ್ರೆ ಪಕ್ಕದ ಅಂಗಡಿಗೆ ನಡಿ. ಮತ್ತೆ ಜಿಪಿಯು-ಝಡ್ (ಕಾರ್ಡಿನ ವಿವರ ತೋರಿಸೋ ಪ್ರೋಗ್ರಾಂ) ತೆಗೆದು 12 ಜಿಬಿ, 192 ಬಿಟ್ ಅಂತ ಇದೆಯಾ ನೋಡು. 3060ಲೇ 8 ಜಿಬಿ, 128 ಬಿಟ್ಟಿಂದೂ ಒಂದಿದೆ, ಹೆಸರು ಒಂದೇ, ಕಾರ್ಡು ಬೇರೆ.

---

ಕುಡ್ಲ_ಬಿಲ್ಡ್ಸ್ (ಮಂಗಳೂರು)

ಲೇಟಾಗಿ ನೋಡಿದ್ದು ಮಾರಾಯ್ರೆ, ಇಲ್ಲಿ ಮಳೆಗೆ ನೆಟ್ಟೇ ಇರ್ಲಿಲ್ಲ.

ಎಲ್ಲರೂ ಎಎಂಡಿಯನ್ನು ಡಿಎಲ್‌ಎಸ್‌ಎಸ್ ಇಲ್ಲದ ಬಡವನ ಹಾಗೆ ಮಾತಾಡ್ತಾರೆ. ಅದು ಎಎಂಡಿಯ 6600, 7600 ಕಾರ್ಡುಗಳ ಕಾಲದ ಮಾತು. ಆಗ ಎಫ್‌ಎಸ್‌ಆರ್ (ಡಿಎಲ್‌ಎಸ್‌ಎಸ್ಸಿಗೆ ಎಎಂಡಿಯ ಉತ್ತರ) ಹಾಕಿದ್ರೆ ಮರದ ಎಲೆ ಎಲ್ಲ ಹುಳ ಹರಿದ ಹಾಗೆ ಕಾಣ್ತಿತ್ತು, ಒಪ್ಪಿದೆ. 9000 ಸರಣಿಯಲ್ಲಿ ಬಂದ ಎಫ್‌ಎಸ್‌ಆರ್ 4 ಬೇರೆಯೇ ಉಂಟು, ಎಐ ಮಾಡೆಲ್ ಮೇಲೆ ನಡೆಯುವಂಥದ್ದು, 1080ಪಿ ಕ್ವಾಲಿಟಿ ಮೋಡಲ್ಲಿ ಇಟ್ಟರೂ ನೋಡ್ಲಿಕ್ಕೆ ಆಗ್ತದೆ. ಎಫ್‌ಎಸ್‌ಆರ್ 3.1 ಇರುವ ಸುಮಾರು ಗೇಮಲ್ಲಿ ಡ್ರೈವರಿಂದಲೇ 4ಕ್ಕೆ ಏರಿಸ್ಲಿಕ್ಕೆ ಆಗ್ತದೆ. ಗೇಮ್ ಲಿಸ್ಟು ಡಿಎಲ್‌ಎಸ್‌ಎಸ್ಸಿನಷ್ಟು ಉದ್ದ ಇಲ್ಲ, ಅದು ಸತ್ಯ. ಬಂದಾಗ ಎಎಂಡಿ ಅಧಿಕೃತವಾಗಿ ಕೊಟ್ಟದ್ದು 9000 ಸರಣಿಗೆ ಮಾತ್ರ, ಹಾಗಾಗಿ ಹಳೆ ಆರ್‌ಎಕ್ಸ್ ಸೋವಿಗೆ ಸಿಕ್ಕಿತು ಅಂತ ಈ ಆಸೆಯಲ್ಲಿ ತಗೊಳ್ಳಬೇಡಿ.

5060 ಡಬ್ಬದ ಮೇಲೆ ಬರೆದ ಮಲ್ಟಿ ಫ್ರೇಮ್ ಜನರೇಷನ್ ಒಂದು ಉಂಟಲ್ಲ, ಒಂದು ಫ್ರೇಮಿಗೆ ಮೂರು ಸೇರಿಸಿ ನಾಲ್ಕು ಮಾಡುವುದು. ಕೇಳ್ಲಿಕ್ಕೆ ಚಂದ. ಆದ್ರೆ ಮೂಲದಲ್ಲಿ 50-60 ಫ್ರೇಮ್ ಇಲ್ಲದಿದ್ರೆ ಮೌಸು ನೀರಲ್ಲಿ ಅದ್ದಿದ ಹಾಗೆ ಆಗ್ತದೆ, ಮತ್ತೆ ಅದಕ್ಕೂ ಕಾರ್ಡಿನ ಮೆಮೊರಿ ಬೇಕು. 8 ಜಿಬಿ ತುಂಬಿ ಒದ್ದಾಡುವಾಗ ಅದನ್ನೇ ಆನ್ ಮಾಡಿದ್ರೆ ಎಲ್ಲಿಗೆ ಬಂತು?

ಬ್ಲೆಂಡರ್ ವಿಷಯದಲ್ಲಿ ಸುತ್ತಾಟದವರು ಹೇಳಿದ್ದು ಸರಿಯೇ, ಆಪ್ಟಿಕ್ಸ್ ಫಾಸ್ಟು. ನನ್ನ ತಮ್ಮನೂ ಇಂಟೀರಿಯರ್ ಮಾಡ್ತಾನೆ, ಅವನ ಸೀನುಗಳಲ್ಲಿ ಒಂದು ಸೋಫಾಕ್ಕೆ 4ಕೆ ಟೆಕ್ಸ್‌ಚರ್ ಮೂರು, ಹೊರಗೆ ಮರ ಇನ್ನೂರು. ಸೀನು ಕಾರ್ಡಿನ ಮೆಮೊರಿಯಲ್ಲಿ ಹಿಡಿಸಿದ್ರೆ ಮಾತ್ರ ಆ ಫಾಸ್ಟು. ಎಎಂಡಿ ಹಿಪ್‌ನಲ್ಲಿ (ಬ್ಲೆಂಡರಿಗೆ ಅವರ ಆಪ್ಟಿಕ್ಸ್ ಇದ್ದ ಹಾಗೆ) ಸ್ವಲ್ಪ ನಿಧಾನ, ಆದ್ರೆ 16 ಜಿಬಿಯಲ್ಲಿ ಕೂತ್ಕೊಳ್ತದೆ. ತಂಗಿಯವರನ್ನು ಒಮ್ಮೆ ಕೇಳಿ, ಅವರ ಫೈಲ್ ಎಷ್ಟು ದೊಡ್ಡದು ಅಂತ.

ಕರೆಂಟ್ ಬಗ್ಗೆ ಯಾರೂ ಮಾತಾಡ್ಲಿಲ್ಲ. ಗೃಹಜ್ಯೋತಿ ಇರುವ ಮನೆಯಲ್ಲಿ ಇದೊಂದು ದೊಡ್ಡ ವಿಷಯವೇ, 200 ಯೂನಿಟ್ ದಾಟಿದ್ರೆ ಪೂರ್ತಿ ಬಿಲ್ಲು ಕೈಗೆ ಬರ್ತದೆ. ದಿನಕ್ಕೆ ಮೂರು ಗಂಟೆ ಅಂದ್ರೆ ತಿಂಗಳಿಗೆ 90 ಗಂಟೆ. 5060 145 ವ್ಯಾಟು, 9060 ಎಕ್ಸ್‌ಟಿ 16 ಜಿಬಿ 160, ವ್ಯತ್ಯಾಸ ತಿಂಗಳಿಗೆ ಒಂದೂಕಾಲು ಒಂದೂವರೆ ಯೂನಿಟ್ಟು, ಅದನ್ನು ಬಿಡಿ. ಬಿ580 190 ವ್ಯಾಟು, 5060ಗಿಂತ ನಾಲ್ಕು ಯೂನಿಟ್ ಜಾಸ್ತಿ. ಇಡೀ ಮಿಷಿನ್ 300 ವ್ಯಾಟ್ ಅಂತ ಇಟ್ಟರೆ 27 ಯೂನಿಟ್ಟು. ನಿಮ್ಮ ಮನೆ ಈಗಾಗಲೇ 180ರಲ್ಲಿ ಓಡ್ತಿದ್ರೆ ಅಪ್ಪನ ಹತ್ರ ಕಾರ್ಡಿನ ರೇಟಿಗಿಂತ ಮೊದಲು ಅದನ್ನು ಹೇಳುವುದು ಒಳ್ಳೇದು, ಹೇಳದೆ ನಾನು ಒಮ್ಮೆ ಸಿಕ್ಕಿಬಿದ್ದಿದ್ದೇನೆ.

ನನ್ನ ಓಟು 9060 ಎಕ್ಸ್‌ಟಿ 16 ಜಿಬಿಗೆ. 8 ಜಿಬಿಗೂ 16 ಜಿಬಿಗೂ ಹೆಸರು ಒಂದೇ ಇಟ್ಟಿದ್ದಾರೆ, ಬಿಲ್ಲಲ್ಲಿ 16 ಅಂತ ಬರೆಸಿಕೊಳ್ಳಿ, ಬಾಕ್ಸಲ್ಲೂ ನೋಡಿ.

---

ಹುಬ್ಬಳ್ಳಿ_ಖಡಕ್

ಪವರ್ ಸಪ್ಲೈ ಬ್ಯಾರೆ ತಗೋಬೇಕಂದ್ರ 36,500ಕ್ಕ ಎಲ್ಲಿಂದ ಬರಬೇಕ್ರೀ ರೊಕ್ಕ? ಹುಡುಗ 35ರ ಮ್ಯಾಲ ಒಂದ ರೂಪಾಯಿ ಇಲ್ಲ ಅಂದಾನ. ನೀವೆಲ್ಲಾ ಸೇರಿ ಅವಂಗ 41 ಸಾವಿರದ ಬಿಲ್ ಮಾಡಿದ್ರಿ. 3060 16, ಸಪ್ಲೈ 4 ಚಿಲ್ರಿ, 5600 ಹಾಕಿದ್ರೂ 35ರೊಳಗ ಮುಗೀತದ. ಬ್ಲೆಂಡರಕ್ಕ ಆಪ್ಟಿಕ್ಸ್ ಸಿಕ್ತು, 12 ಜಿಬಿ ಸಿಕ್ತು, ಹದಿನಾರ ಲೇನ್ ಸಿಕ್ತು. ನನ್ನ ಲೆಕ್ಕದಾಗ ತಪ್ಪ ಎಲ್ಲೈತಿ ಹೇಳ್ರಿ.

---

ಸೋಲ್ಡರ್_ಸ್ವಾಮಿ

ತಪ್ಪೇನಿಲ್ಲ ಅಣ್ಣ, ನಿಜ ಹೇಳ್ಬೇಕಂದ್ರೆ ಒಳ್ಳೇ ಲೆಕ್ಕ. ಎದುರಿಗೆ ಒಂದೇ ಮಾತು, ವಾರಂಟಿ. 3060ಕ್ಕೆ ಇದ್ದ ಮೂರು ವರ್ಷ ಬಹುತೇಕ ಮುಗಿದಿರತ್ತೆ, ನಾಳೆ ಮೆಮೊರಿ ಚಿಪ್ ಹೋದ್ರೆ ನನ್ನಂಥವನ ಹತ್ರ ಬರ್ಬೇಕು, ನಾನೂ ಎಲ್ಲದನ್ನೂ ಬದುಕಿಸಲ್ಲ. ಕಾರ್ಡು ವೇಗದಲ್ಲೂ 9060 ಎಕ್ಸ್‌ಟಿ ಬಹಳ ಮುಂದಿದೆ, ಇನ್ನೈದು ವರ್ಷ ಕಾರ್ಡ್ ಬದಲಾಯಿಸಲ್ಲ ಅನ್ನೋರಿಗೆ ಅದು ಲೆಕ್ಕಕ್ಕೆ ಬರತ್ತೆ. ಪ್ರೊಸೆಸರ್ ಮುಂದಿನ ವರ್ಷ ಹಾಕ್ಬಹುದು. ಮೊದಲೇ ಪ್ರೊಸೆಸರ್ ಹಾಕಿ ಮುಂದಿನ ವರ್ಷ ಕಾರ್ಡ್ ಅಂದ್ರೆ, ಮೆಮೊರಿ ಚಿಪ್ ರೇಟು ಈಗ ಏರ್ತಿರೋ ತರ ನೋಡಿದ್ರೆ, ಎಐ ಡೇಟಾ ಸೆಂಟರಿನವರು ಎಲ್ಲಾ ಬಾಚ್ಕೊಂಡು ಹೋಗ್ತಿದಾರೆ, 16 ಜಿಬಿ ಕಾರ್ಡು ಅಗ್ಗ ಆಗೋ ಲಕ್ಷಣ ನನಗಂತೂ ಕಾಣಲ್ಲ.

1650 ಮಾರಿ. ಆಫೀಸ್ ಪಿಸಿಗೆ ಹಾಕೋರು ಹುಡುಕ್ತಾನೇ ಇರ್ತಾರೆ, ಕೇಬಲ್ ಬೇಡದ ಕಾರ್ಡಲ್ವಾ.

ತಂದ್ಮೇಲೆ ಕಾರ್ಡ್ ಹಾಕೋಕೆ ಮುಂಚೆ ಮೂರು ಕೆಲಸ ಮಾಡಿ. ಬಯಾಸ್ ಅಪ್ಡೇಟು, ಕರೆಂಟ್ ಹೋಗದ ಹೊತ್ತು ನೋಡಿ, ಯುಪಿಎಸ್ ಇದ್ರೆ ಇನ್ನೂ ಒಳ್ಳೇದು. ಆಮೇಲೆ ಡಿಡಿಯು (ಡ್ರೈವರ್ ಅಳಿಸೋ ಪ್ರೋಗ್ರಾಂ) ಹಾಕಿ ಎನ್ವಿಡಿಯಾ ಡ್ರೈವರ್ ಪೂರ್ತಿ ಒರೆಸಿ. ಮೂರನೇದು, ರೀಸೈಜಬಲ್ ಬಾರ್ ಆನ್ ಮಾಡ್ಬೇಕಂದ್ರೆ ಸಿಎಸ್‌ಎಂ (ಹಳೇ ರೀತಿ ಬೂಟ್ ಮಾಡೋ ಬಯಾಸ್ ಸೆಟ್ಟಿಂಗು) ಆಫ್ ಮಾಡ್ಬೇಕು, ಅದಕ್ಕೆ ಮೊದಲು ವಿಂಡೋಸ್ ಡಿಸ್ಕು ಎಂಬಿಆರ್ (ಹಳೇ ಡಿಸ್ಕ್ ವಿನ್ಯಾಸ) ಇದೆಯಾ ಜಿಪಿಟಿ (ಹೊಸದು) ಇದೆಯಾ ನೋಡಿ. ಎಂಬಿಆರ್ ಇದ್ದು ಸಿಎಸ್‌ಎಂ ಆಫ್ ಮಾಡಿದ್ರೆ ವಿಂಡೋಸ್ ಬೂಟ್ ಆಗಲ್ಲ, ಜನ ಕಾರ್ಡೇ ಹೋಯ್ತು ಅಂದ್ಕೊಂಡು ಅಂಗಡಿಗೆ ಓಡ್ತಾರೆ. ಹೆಂಗೂ ವಿಂಡೋಸ್ 10ರ ಸಪೋರ್ಟು 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, 11ಕ್ಕೆ ಹೋಗೋಕೂ ಇದೇ ಬೇಕು.

---

ಬೆಣ್ಣೆದೋಸೆ_ಎಫ್‌ಪಿಎಸ್

ಎರಡು ವಾರ ಆಯ್ತು, ಅಪ್ಡೇಟ್ ಹಾಕದೆ ಮಾಯ ಆಗೋರ ಲಿಸ್ಟಿಗೆ ಸೇರೋಕೆ ಇಷ್ಟ ಇಲ್ಲ.

1650 ಐದು ಸಾವಿರಕ್ಕೆ ಹೋಯ್ತು, ಜೆರಾಕ್ಸ್ ಅಂಗಡಿಯವರು ಫೋಟೋಶಾಪಿಗೆ ಅಂತ ತಗೊಂಡ್ರು. ಸಪ್ಲೈ 550 ವ್ಯಾಟ್ ಬ್ರಾಂಜು 4,400. ಕಾರ್ಡು 9060 ಎಕ್ಸ್‌ಟಿ 16 ಜಿಬಿ 36,500. ಕೂಡಿಸಿದ್ರೆ 40,900, ನನ್ನ ಹತ್ರ 40. ಆ 900 ಕೊಟ್ಟಿದ್ದು ತಂಗಿ. ಅವಳ ಹತ್ರ ಕುಡ್ಲ ಅಣ್ಣ ಹೇಳಿದಂಗೆ ಫೈಲ್ ಸೈಜ್ ಕೇಳಿದೆ, ಕಾಲೇಜಿನ ಸೈಟ್ ಮಾಡೆಲ್ ಒಂದನ್ನ ಲ್ಯಾಬಿನ 8 ಜಿಬಿ ಕಾರ್ಡಲ್ಲಿ ಓಪನ್ ಮಾಡಿದ್ರೆ ಮೆಮೊರಿ ಸಾಲಲ್ಲ ಅಂತ ಎರರ್ ಬಂದಿತ್ತಂತೆ. ಅಲ್ಲಿಗೆ ತೀರ್ಮಾನ ಆಯ್ತು. ಹುಬ್ಬಳ್ಳಿ ಅಣ್ಣ ಬೇಜಾರ್ ಮಾಡ್ಕೋಬೇಡಿ, ಆ 3060 ನೋಡೋಕೆ ಹೋಗಿದ್ದೆ, ಸುತ್ತಾಟ ಅಣ್ಣ ಹೇಳಿದಂಗೆ ಓರೆ ಹಿಡಿದು ನೋಡಿದ್ರೆ ಹಿಂಬದಿ ಎಲ್ಲಾ ಬೋಂಡಾ ಕಟ್ಟಿದ ಪೇಪರ್ ತರ ಜಿಡ್ಡು.

ಹಾಕೋ ದಿನ ಇನ್ನೊಂದು ಪಜೀತಿ. ಕಾರ್ಡ್ ಉದ್ದ ಕ್ಯಾಬಿನೆಟ್ಟಿಗೆ ಹಿಡಿಸ್ತಿಲ್ಲ, ಒಂದು ಬೆರಳಷ್ಟು ಜಾಸ್ತಿ. ಹಾರ್ಡ್ ಡಿಸ್ಕ್ ಇಡೋ ಗೂಡು ರಿವೆಟ್ ಹೊಡೆದಿದ್ರು, ಸ್ಕ್ರೂ ಅಲ್ಲ. ಪಕ್ಕದ ಗ್ರಿಲ್ ವರ್ಕ್ಸ್ ಅಂಗಡಿಗೆ ಬೋರ್ಡೆಲ್ಲಾ ಬಿಚ್ಚಿಟ್ಟು ಬರೀ ಡಬ್ಬಿ ಹೊತ್ಕೊಂಡು ಹೋದೆ, ಅವರು ಡ್ರಿಲ್ ಹಾಕಿ ಎರಡು ನಿಮಿಷದಲ್ಲಿ ರಿವೆಟ್ ಕಿತ್ರು, ದುಡ್ಡು ತಗೊಳ್ಲಿಲ್ಲ, "ಇದ್ರಲ್ಲಿ ಏನ್ ಕೂರಿಸ್ತೀಯಪ್ಪ" ಅಂತ ಕೇಳಿದ್ರು, ರೇಟ್ ಹೇಳಿದ್ದಕ್ಕೆ ನನ್ನ ಮುಖ ನೋಡಿ ಸುಮ್ನಾದ್ರು.

ಸ್ವಾಮಿ ಅಣ್ಣ ಹೇಳಿದ ಎಂಬಿಆರ್ ವಿಷಯ ಸರಿಯಾಗಿ ಸಿಕ್ತು, ನನ್ನದು ಎಂಬಿಆರ್ರೇ. ಎಂಬಿಆರ್2ಜಿಪಿಟಿ ಕಮಾಂಡ್ ಹೊಡೆದು, ಆಮೇಲೆ ಸಿಎಸ್‌ಎಂ ಆಫ್ ಮಾಡಿದೆ, ಬೂಟ್ ಆಯ್ತು. ಜಿಪಿಯು-ಝಡ್ಡಲ್ಲಿ ಎಕ್ಸ್16 3.0 ಅಂತ ತೋರಿಸ್ತಿದೆ, ರೀಸೈಜಬಲ್ ಬಾರ್ ಎನೇಬಲ್ಡ್.

ಡೂಮ್ ಓಡ್ತಿದೆ, ಬೆಣ್ಣೆ ತರ ಅಂತ ದಾವಣಗೆರೆಯವನು ಹೇಳಿದ್ರೆ ನಂಬಿ. ಸಿಎಸ್2ಲಿ ಮಾತ್ರ ಕಾರ್ಡ್ ಬಳಕೆ 60-70 ಪರ್ಸೆಂಟ್ ಮೇಲೆ ಹೋಗಲ್ಲ, 3600ದೇ ತಡೆ, ಅದು ನೀವೆಲ್ಲಾ ಮೊದಲೇ ಹೇಳಿದ್ರಿ. ಈಗ ಗೇಮಿಗಿಂತ ದೊಡ್ಡ ತೊಂದ್ರೆ ಏನಂದ್ರೆ 900 ರೂಪಾಯಿ ಶೇರ್ ಹೋಲ್ಡರ್ ರಾತ್ರಿ ಊಟ ಆದ್ಮೇಲೆ ಹನ್ನೊಂದರ ತನಕ ಸೀಟ್ ಬಿಡಲ್ಲ.

---

ಹುಬ್ಬಳ್ಳಿ_ಖಡಕ್

ಬ್ಯಾಸರಾ ಏನಿಲ್ಲಪಾ, ಛಲೋ ಆತು. ಆದ್ರ 5600 ತಗೊಳ್ಳೂ ಮುಂದ ಇಲ್ಲೇ ಬಂದ ಕೇಳು, 5500 ಹಿಡಕೊಂಡ ಬರಬ್ಯಾಡ.

---

ಎಸ್‌ಪಿರೋಡ್_ಸುತ್ತಾಟ

ಆ ಹಳೇ 216 ವ್ಯಾಟ್ ಸಪ್ಲೈ ಯಾರಿಗೂ ಮಾರ್ಬೇಡ ಗುರು, ಇ-ವೇಸ್ಟಿಗೆ ಹಾಕು.